ಹೆಸರು ಕೇಳದ ಪುಸ್ತಕದ ಮುಂದೆ

ಎಲ್ಲರೂ ಮೆಚ್ಚಿದ್ದನ್ನು ಮೆಚ್ಚುವುದು ಸುಲಭ. ಅದರಲ್ಲಿ ತಪ್ಪೇನೂ ಇಲ್ಲ. ಎಲ್ಲರೂ ಮೆಚ್ಚಿದ್ದು ಬಹಳ ಸಲ ನಿಜವಾಗಿಯೂ ಚೆನ್ನಾಗಿರುತ್ತದೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ನಾವು ಮೆಚ್ಚಿದ್ದು ವಸ್ತುವನ್ನೋ, ಅದರ ಹಿಂದಿರುವ ಹೆಸರನ್ನೋ? ರಾಮನವಮಿಯ ಕಚೇರಿಗೆ ಹೋಗಿರುತ್ತೇವೆ. ವೇದಿಕೆಯ ಮೇಲೆ ದೊಡ್ಡ ವಿದ್ವಾಂಸರೊಬ್ಬರು ಕಾಂಬೋಧಿಯನ್ನು ಎತ್ತಿಕೊಂಡರೋ ಇಲ್ಲವೋ, ನಮ್ಮ ತಲೆ ತಾನಾಗಿಯೇ ತೂಗತೊಡಗುತ್ತದೆ. ಅದೇ ರಾಗವನ್ನು ಪಕ್ಕದ ಬೀದಿಯ ಹುಡುಗಿಯೊಬ್ಬಳು ಸಂಜೆ ಐದು ಗಂಟೆಯ ಬಿಸಿಲಿನಲ್ಲಿ, ಖಾಲಿ ಕುರ್ಚಿಗಳ ಮುಂದೆ ಹಾಡುವಾಗ ಆ ತಲೆ ಏನು ಮಾಡುತ್ತದೆ? ಹೆಚ್ಚಾಗಿ ಗಡಿಯಾರದ ಕಡೆಗೆ ತಿರುಗುತ್ತದೆ. ಎರಡು ಸಲವೂ ಕೇಳಿದ ಕಿವಿ ಒಂದೇ. ಹಾಗಾದರೆ ನಮ್ಮ ರುಚಿ ಎಂದು ನಾವು ಹೇಳಿಕೊಳ್ಳುವುದರಲ್ಲಿ ನಮ್ಮ ಸ್ವಂತದ್ದೆಷ್ಟು, ನೆರೆಹೊರೆಯಿಂದ ಕಡ ತಂದದ್ದೆಷ್ಟು?

ಈ ಹಳೆಯ ಪ್ರಶ್ನೆ ನನಗೆ ಹೊಸದಾಗಿ ಎದುರಾದದ್ದು ಸಂಗೀತ ಸಭೆಯಲ್ಲಿ ಅಲ್ಲ, ಚಿತ್ರಕಥೆಗಳ ಜಾತ್ರೆಯಲ್ಲಿ. ಚಿತ್ರಕಥೆ ಎಂದರೆ ಈಗಿನವರ ಬಾಯಲ್ಲಿ ಕಾಮಿಕ್ಸ್. ಬೆಂಗಳೂರಿನಲ್ಲಿ 2012ರಲ್ಲಿ 'ಕಾಮಿಕ್ ಕಾನ್' ಎಂಬ ಮೇಳ ಮೊದಲಾಯಿತು; ಸಾಂಕ್ರಾಮಿಕದ ಕಾಲವನ್ನು ಬಿಟ್ಟರೆ ನಡೆದುಕೊಂಡೇ ಬಂದಿದೆ. ವೈಟ್‌ಫೀಲ್ಡಿನ ವಸ್ತುಪ್ರದರ್ಶನದ ಅಂಗಳದಲ್ಲಿ ಅದು ನಡೆದಾಗ ನನ್ನ ಸೋದರಳಿಯ ನನ್ನನ್ನು ಜೊತೆಗೆ ಕರೆದೊಯ್ದ.

ಜಾತ್ರೆ ಎಂಬ ಮಾತನ್ನು ನಾನು ಹಗುರವಾಗಿ ಆಡಿದ್ದಲ್ಲ. ಒಬ್ಬ ತರುಣ ಸ್ಪೈಡರ್‌ಮ್ಯಾನನ ವೇಷ ಹಾಕಿಕೊಂಡು ಬಂದಿದ್ದ. ಇನ್ನೊಬ್ಬಳು ಯಾವುದೋ ಜಪಾನೀ ಕಥೆಯ ನಾಯಕಿಯಾಗಿ ನೀಲಿ ಕೂದಲು ಧರಿಸಿದ್ದಳು. ಒಬ್ಬರನ್ನೊಬ್ಬರು ಕಂಡರಿಯದವರು ವೇಷವನ್ನು ಗುರುತು ಹಿಡಿದು ನಗುತ್ತಿದ್ದರು, ಜೊತೆಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಗುರುತು ಹಿಡಿಯುವುದೇ ಒಂದು ಸುಖ. ನಮ್ಮ ಕರಾವಳಿಯವರು ನೂರು ಸಲ ನೋಡಿದ ಪ್ರಸಂಗವನ್ನೇ ಮತ್ತೆ ನೋಡಲು ರಾತ್ರಿಯೆಲ್ಲ ಕುಳಿತಿರುವುದಿಲ್ಲವೇ? ಕಥೆಯ ಕೊನೆ ಬಲ್ಲವನಿಗೇ ನಡುವಿನ ಸೊಗಸು ಹೆಚ್ಚು ಕಾಣುತ್ತದೆ. ಪರಿಚಿತವಾದುದರ ಪ್ರೀತಿಯನ್ನು ಹಳಿಯುವವನು ಮನುಷ್ಯ ಸ್ವಭಾವವನ್ನೇ ಹಳಿದಂತೆ.

ಆದರೆ ಆ ಗದ್ದಲದ ಒಂದು ಮಗ್ಗುಲಿಗೆ, ಬೊಂಬೆ ಮತ್ತು ಅಂಗಿಗಳನ್ನು ಮಾರುವ ದೊಡ್ಡ ಮಳಿಗೆಗಳು ಮುಗಿದ ಮೇಲೆ, ಸಣ್ಣ ಮೇಜುಗಳ ಸಾಲೊಂದಿತ್ತು. ಅಲ್ಲಿ ಕುಳಿತಿದ್ದವರು ಯಾವ ಕಂಪನಿಯ ನೌಕರರೂ ಅಲ್ಲ. ತಾವೇ ಕಥೆ ಬರೆದು, ತಾವೇ ಚಿತ್ರ ಬಿಡಿಸಿ, ತಮ್ಮ ಖರ್ಚಿನಲ್ಲೇ ಅಚ್ಚು ಹಾಕಿಸಿ, ತಾವೇ ಮಾರಲು ಬಂದವರು. ನಾನು ಅತ್ತ ತಿರುಗಿದ್ದನ್ನು ಕಂಡು ಅಳಿಯ, "ಮಾವ, ಅಲ್ಲೇನಿದೆ? ಯಾರೋ ಗೊತ್ತಿಲ್ಲದವರು" ಎಂದ. ಅವನು ಸಹಜವಾಗಿ ಆಡಿದ ಮಾತು. ಆದರೆ ನಾನು ಮೇಲೆ ಕೇಳಿದ ಪ್ರಶ್ನೆಯೆಲ್ಲ ಆ ಎರಡು ಮಾತಿನಲ್ಲೇ ಅಡಗಿತ್ತು.

ಒಂದು ಮೇಜಿನ ಹಿಂದೆ ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳೊಬ್ಬಳು ಕುಳಿತಿದ್ದಳು. ಮುಂದೆ ಪಿನ್ನು ಹೊಡೆದ ತೆಳ್ಳನೆಯ ಪುಸ್ತಕಗಳು. ಒಂದನ್ನು ಕೈಗೆತ್ತಿಕೊಂಡೆ. ಕಪ್ಪು ಬಿಳುಪಿನ ಚಿತ್ರಗಳು. ಬೋರ್‌ವೆಲ್ಲು ಬತ್ತಿದ ಬಡಾವಣೆಯೊಂದರಲ್ಲಿ ಮುದುಕನೊಬ್ಬ ನೀರಿನ ಟ್ಯಾಂಕರಿಗಾಗಿ ಇಡೀ ರಾತ್ರಿ ಕಾಯುತ್ತಾನೆ, ಕಥೆ ಅಷ್ಟೆ. ನಾನು ಪುಟ ತಿರುವುತ್ತಿದ್ದಂತೆ ಆಕೆ ನನ್ನ ಮುಖವನ್ನು ನೋಡಬಾರದೆಂದು ಬೇರೆ ಕಡೆ ನೋಡುತ್ತಿದ್ದಳು.

ಪುಸ್ತಕದ ಅಂಗಡಿಯಲ್ಲಿ ಈ ಇಕ್ಕಟ್ಟು ಇರುವುದಿಲ್ಲ. ಅಲ್ಲಿ ಲೇಖಕ ಎದುರಿಗಿಲ್ಲ. ಹತ್ತು ಪುಸ್ತಕ ತೆಗೆದು ಹತ್ತನ್ನೂ ಮರಳಿ ಇಟ್ಟು ಬರಬಹುದು. ಇಲ್ಲಿ ಮಾಡಿದವಳು ಎರಡು ಅಡಿ ದೂರದಲ್ಲಿದ್ದಾಳೆ. ಬೆನ್ನುಡಿ ಬರೆದ ದೊಡ್ಡವರಿಲ್ಲ, ಬಂದ ಬಹುಮಾನದ ಪಟ್ಟಿಯಿಲ್ಲ, ಓದಿದ ಗೆಳೆಯನಿಲ್ಲ. ಇಂಥ ಸಂದರ್ಭದಲ್ಲಿ ಓದುಗನಾದವನ ಧರ್ಮವೇನು?

ತಪ್ಪಿಸಿಕೊಳ್ಳುವ ದಾರಿಗಳು ಮೂರಿವೆ. "ಪಾಪ, ಹುಡುಗಿ ಕಷ್ಟಪಟ್ಟಿದ್ದಾಳೆ" ಎಂದು ಹಣ ಕೊಟ್ಟು ಪುಸ್ತಕವನ್ನು ಚೀಲಕ್ಕೆ ಹಾಕಿಕೊಳ್ಳುವುದು ಮೊದಲನೆಯದು. ಇದು ಔದಾರ್ಯದಂತೆ ಕಂಡರೂ ಭಿಕ್ಷೆಯ ಜಾತಿಗೆ ಸೇರಿದ್ದು. ಆಕೆ ಕೈಯೊಡ್ಡಿದವಳಲ್ಲ, ಕೃತಿಯನ್ನು ಒಡ್ಡಿದವಳು. "ತುಂಬ ಚೆನ್ನಾಗಿದೆಯಮ್ಮ" ಎಂದು ಓದದೆಯೇ ಹೊಗಳುವುದು ಎರಡನೆಯದು. ಇದಕ್ಕೆ ಹಣವೂ ಖರ್ಚಾಗುವುದಿಲ್ಲ, ಆದ್ದರಿಂದಲೇ ಇದು ಹೆಚ್ಚು ಪ್ರಚಾರದಲ್ಲಿದೆ. "ಒಂದು ಸುತ್ತು ಹಾಕಿಕೊಂಡು ಬರುತ್ತೇನೆ" ಎಂದು ಜಾರಿಕೊಳ್ಳುವುದು ಮೂರನೆಯದು. ಸುತ್ತು ಹೋದವರು ಮರಳುವುದಿಲ್ಲವೆಂದು ಇಬ್ಬರಿಗೂ ಗೊತ್ತು. ಮೂರು ದಾರಿಗಳಲ್ಲಿಯೂ ಒಂದು ಸಮಾನ ಅಂಶವಿದೆ. ಮೂರರಲ್ಲಿಯೂ ನಾವು ಪುಸ್ತಕವನ್ನು ಓದಿಲ್ಲ, ಅದರ ಬಗ್ಗೆ ಏನನ್ನೂ ತೀರ್ಮಾನಿಸಿಲ್ಲ.

ಇಷ್ಟಕ್ಕೂ ಇವರು ಹೀಗೆ ಕಷ್ಟಪಟ್ಟು ಸ್ವತಂತ್ರವಾಗಿ ಪ್ರಕಟಿಸುವುದೇಕೆ? ಅದಕ್ಕೆ ಚಿತ್ರಕಥೆಯ ಚರಿತ್ರೆಯಲ್ಲೇ ಕಾರಣವಿದೆ. ಸೂಪರ್‌ಮ್ಯಾನನನ್ನು ಕಲ್ಪಿಸಿದ ಜೆರ್ರಿ ಸೀಗೆಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಯುವಕರು 1938ರಲ್ಲಿ ಅವನ ಹಕ್ಕನ್ನೆಲ್ಲ 130 ಡಾಲರಿಗೆ ಬರೆದುಕೊಟ್ಟರು. ಕೊಂಡವರು ಕೋಟಿಗಟ್ಟಲೆ ಗಳಿಸಿದರು. ಸೃಷ್ಟಿಸಿದವರಿಗೆ ವರ್ಷಾಶನ ಸಿಕ್ಕಿದ್ದು, ತಮ್ಮ ಹೆಸರು ಮತ್ತೆ ಕೃತಿಯ ಮೇಲೆ ಕಾಣಿಸಿಕೊಂಡದ್ದು 1975ರ ಒಪ್ಪಂದವಾದ ಮೇಲೆ. ಆ ಉದ್ಯಮದಲ್ಲಿ ಪಾತ್ರ ಕಂಪನಿಯ ಸೊತ್ತು; ಇಂದು ಒಬ್ಬ ಬರೆದದ್ದನ್ನು ನಾಳೆ ಇನ್ನೊಬ್ಬ ಮುಂದುವರಿಸುತ್ತಾನೆ. ಇದಕ್ಕೆ ಬೇಸತ್ತವರು, ತಮಗೆ ಹೇಳಬೇಕೆನಿಸಿದ್ದನ್ನು ಹೇಳಲು ಅಲ್ಲಿ ಎಡೆಯಿಲ್ಲವೆಂದು ಕಂಡವರು, ಬೇರೆ ದಾರಿ ಹಿಡಿದರು. 1968ರಲ್ಲಿ ರಾಬರ್ಟ್ ಕ್ರಂಬ್ ತನ್ನ 'ಜ್ಯಾಪ್' ಪತ್ರಿಕೆಯ ಮೊದಲ ಸಂಚಿಕೆಯನ್ನು ಮಗುವಿನ ತಳ್ಳುಗಾಡಿಯಲ್ಲಿ ತುಂಬಿಕೊಂಡು ಹೆಂಡತಿಯೊಡನೆ ಸ್ಯಾನ್ ಫ್ರಾನ್ಸಿಸ್ಕೋದ ಬೀದಿಯಲ್ಲಿ ಮಾರಿದ.

ಕನ್ನಡಿಗರಿಗೆ ಇದು ವಿಚಿತ್ರವಾಗಿ ಕಾಣಬೇಕಾಗಿಲ್ಲ. ನಮ್ಮ ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಮನೆಯ ಬಾಗಿಲಿಗೆ ಬಂದ ಆ ಗ್ರಂಥಕರ್ತರ ಎದುರು ಪುಸ್ತಕವನ್ನು ತಿರುವಿ ನೋಡಿದ ಅಂದಿನ ಗೃಹಸ್ಥರಿಗೂ ಈ ಇಕ್ಕಟ್ಟು ಇದ್ದೇ ಇದ್ದಿರಬೇಕು.

ಇಲ್ಲಿ ಒಂದು ಸುಲಭ ವಾದವನ್ನು ಹೂಡಬಹುದು. 1984ರ ಮೇ ತಿಂಗಳಲ್ಲಿ ಅಮೆರಿಕದ ಪೋರ್ಟ್ಸ್‌ಮತ್ ಎಂಬ ಊರಿನ ಸಣ್ಣದೊಂದು ಚಿತ್ರಕಥಾ ಮೇಳದಲ್ಲಿ ಕೆವಿನ್ ಈಸ್ಟ್‌ಮನ್ ಮತ್ತು ಪೀಟರ್ ಲೇರ್ಡ್ ಎಂಬ ಗೆಳೆಯರು ಕತ್ತಿವರಸೆ ಬಲ್ಲ ನಾಲ್ಕು ಆಮೆಗಳ ಕಥೆಯೊಂದನ್ನು ಮಾರಾಟಕ್ಕಿಟ್ಟರು. ತೆರಿಗೆ ಇಲಾಖೆಯಿಂದ ಮರಳಿ ಬಂದ ಹಣ, ಬಂಧುವೊಬ್ಬರ ಸಾಲ ಇವುಗಳಿಂದ ಅಚ್ಚಾದದ್ದು ಸುಮಾರು 3,000 ಪ್ರತಿ. ಅವೇ 'ನಿಂಜಾ ಟರ್ಟಲ್ಸ್'. ಇಂದು ಯಾವ ಮೇಳದ ನಡುಮನೆಯಲ್ಲಿಯೂ ಆ ಆಮೆಯ ವೇಷಧಾರಿಗಳು ಸಿಕ್ಕಾರು. ಆದ್ದರಿಂದ ಮೂಲೆಯ ಮೇಜನ್ನು ಅಲಕ್ಷಿಸಬೇಡಿ, ನಾಳೆ ಅದೇ ಪ್ರಸಿದ್ಧವಾದೀತು ಎಂಬುದು ಆ ವಾದ. ನನಗೆ ಇದು ಒಪ್ಪಿಗೆಯಿಲ್ಲ. ಮುಂದೆ ಹೆಸರು ಬಂದೀತೆಂದು ಈಗ ಆದರಿಸುವುದೂ ಹೆಸರಿನ ಪೂಜೆಯೇ. ಸಾಲದ ಮೇಲೆ ಮಾಡಿದ ಪೂಜೆ, ಅಷ್ಟೆ.

ಇದಕ್ಕಿಂತ ಹಾರ್ವೆ ಪೀಕಾರನ ಉದಾಹರಣೆ ನನಗೆ ಪ್ರಿಯ. ಆತ ಕ್ಲೀವ್‌ಲೆಂಡ್ ನಗರದಲ್ಲಿ ಮಾಜಿ ಸೈನಿಕರ ಆಸ್ಪತ್ರೆಯೊಂದರಲ್ಲಿ ಕಡತ ಜೋಡಿಸುವ ಗುಮಾಸ್ತ. ಅವನಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ; ಕಡ್ಡಿಯಂಥ ಆಕೃತಿಗಳನ್ನು ಗೀಚಿ ಮಾತು ತುಂಬಿಕೊಡುತ್ತಿದ್ದ, ಕ್ರಂಬನಂಥ ಗೆಳೆಯರು ಚಿತ್ರ ಮಾಡಿಕೊಡುತ್ತಿದ್ದರು. 1976ರಿಂದ 'ಅಮೆರಿಕನ್ ಸ್ಪ್ಲೆಂಡರ್' ಎಂಬ ಹೆಸರಿನಲ್ಲಿ ಅವನು ಸ್ವಂತ ಖರ್ಚಿನಿಂದ ಅದನ್ನು ಹೊರತಂದ. ಅದರಲ್ಲಿ ಹಾರುವ ವೀರರಿಲ್ಲ. ಅಂಗಡಿಯ ಸಾಲಿನಲ್ಲಿ ಕಾಯುವುದು, ಕಚೇರಿಯ ಹರಟೆ, ತಿಂಗಳ ಕೊನೆಯ ಕಳವಳ. ಪ್ರಶಸ್ತಿ ಬಂತು, 2003ರಲ್ಲಿ ಸಿನಿಮಾ ಕೂಡ ಆಯಿತು; ಆದರೆ ಅವನು 2001ರಲ್ಲಿ ನಿವೃತ್ತನಾಗುವವರೆಗೂ ಅದೇ ಗುಮಾಸ್ತಿಕೆಯಲ್ಲಿದ್ದ. ಆ ಸಂಚಿಕೆಗಳಿಗೆ ಬೆಲೆ ಬಂದದ್ದು ಸಿನಿಮಾದಿಂದಲ್ಲ. ತನ್ನ ಬಾಳೂ ಹೇಳತಕ್ಕದ್ದು ಎಂದು ಗುಮಾಸ್ತನೊಬ್ಬ ನಂಬಿದ; ಅದನ್ನೋದಿದ ಕೆಲವರು ಹೌದೆಂದರು. ಬೆಲೆ ಹುಟ್ಟಿದ್ದು ಅಲ್ಲಿ.

'ಹೌದೆನ್ನುವ' ಆ ಕೆಲವರ ಪಾತ್ರವನ್ನು ಸ್ಪಷ್ಟವಾಗಿ ಕಂಡುಕೊಂಡವರು ಜಪಾನಿನವರು. 1975ರ ಡಿಸೆಂಬರ್ 21ರಂದು ಟೋಕಿಯೋದಲ್ಲಿ 'ಕಾಮಿಕ್ ಮಾರ್ಕೆಟ್' ಎಂಬ ಸಂತೆ ಮೊದಲಾದಾಗ ಅಲ್ಲಿ ಕುಳಿತಿದ್ದ ತಂಡಗಳು 32. ಬಂದವರು ಸುಮಾರು 700 ಮಂದಿ. 2019ರ ಹೊತ್ತಿಗೆ ನಾಲ್ಕು ದಿನಗಳ ಒಂದೊಂದು ಮೇಳದ ಹಾಜರಿ 7 ಲಕ್ಷವನ್ನು ದಾಟಿತ್ತು. ಅಲ್ಲಿಯ ಮೇಜುಗಳ ಮೇಲೆ ಪ್ರಸಿದ್ಧ ಪಾತ್ರಗಳನ್ನೇ ಎರವಲು ತಂದು ಬರೆದ ಕಥೆಗಳು ಬಹಳ. ಎಲ್ಲವೂ ಸ್ವಂತ ಕಲ್ಪನೆಯೆಂದು ಹೇಳುವಂತಿಲ್ಲ. ಆದರೆ ಅದನ್ನು ನಡೆಸುವವರು ಒಂದು ನಿಯಮವನ್ನು ಮೊದಲಿಂದಲೂ ಎತ್ತಿಹಿಡಿದಿದ್ದಾರೆ: ಇಲ್ಲಿ ಗಿರಾಕಿ ಎಂಬವರಿಲ್ಲ. ಮಾರುವವರು, ಕೊಳ್ಳುವವರು, ವ್ಯವಸ್ಥೆ ನೋಡುವವರು ಎಲ್ಲರೂ ಪಾಲುಗಾರರು.

ಇದು ಬರಿಯ ಸೌಜನ್ಯದ ಮಾತಲ್ಲ. ಗಿರಾಕಿಗೆ ಹಣ ಕೊಟ್ಟ ಕೂಡಲೇ ಋಣ ತೀರುತ್ತದೆ. ಪಾಲುಗಾರನಿಗೆ ಹಾಗಲ್ಲ, ಅವನೂ ಒಂದಿಷ್ಟು ಕೆಲಸ ಮಾಡಬೇಕು. ಓದುಗನ ಕೆಲಸವೆಂದರೆ ಓದುವುದು, ತನಗೆ ಏನನ್ನಿಸಿತೆಂದು ತನ್ನಷ್ಟಕ್ಕೆ ನಿಶ್ಚಯಿಸುವುದು, ಕೇಳಿದರೆ ಅದನ್ನು ಹೇಳುವುದು.

ನಾನು ಮೇಜಿನ ಬಳಿ ನಿಂತೇ ಆ ತೆಳುವಾದ ಪುಸ್ತಕವನ್ನು ಪೂರ್ತಿಯಾಗಿ ಓದಿದೆ. ಹತ್ತು ನಿಮಿಷ ಹಿಡಿಯಿತು. ಅರ್ಧ ಪುಸ್ತಕದಲ್ಲಿ ಮಾತೇ ಇರಲಿಲ್ಲ. ಖಾಲಿ ಬಿಂದಿಗೆ, ಬೀದಿಯ ದೀಪ, ಮುದುಕನ ಬೆನ್ನು. ದೂರದಲ್ಲಿ ಲಾರಿಯ ಬೆಳಕು ಕಂಡು, ಅದು ಬೇರೆ ಬೀದಿಗೆ ತಿರುಗಿಬಿಡುತ್ತದೆ. ಕಾಯುವುದೆಂದರೇನೆಂದು ಬಲ್ಲವರ ಕೈ ಅದು. ಕೊನೆಯ ಪುಟದಲ್ಲಿ ಮಾತ್ರ ಮುದುಕ ಓದುಗನ ಕಡೆ ತಿರುಗಿ ನೀರಿನ ಮಹತ್ವವನ್ನು ಉಪದೇಶಿಸುತ್ತಾನೆ. "ಇದು ನಿಮ್ಮದೇ ಏನಮ್ಮ?" ಎಂದೆ. "ಹೌದು, ಸಾರ್." "ಮಾತಿಲ್ಲದ ಪುಟಗಳು ನನ್ನನ್ನು ಹಿಡಿದು ನಿಲ್ಲಿಸಿದವು. ಕೊನೆಯ ಪುಟ ಬೇಕಿರಲಿಲ್ಲ ಎನ್ನಿಸಿತು."

ಆಕೆ ಒಂದು ಕ್ಷಣ ಸುಮ್ಮನಿದ್ದು, "ಮೊದಲು ಅದು ಇರಲಿಲ್ಲ ಸಾರ್. ಹಾಗೇ ಬಿಟ್ಟರೆ ಜನಕ್ಕೆ ಅರ್ಥ ಆಗೋಲ್ಲ ಅಂತ ಗೆಳೆಯರೆಲ್ಲ ಅಂದರು. ಅದಕ್ಕೇ ಸೇರಿಸಿದೆ" ಎಂದಳು.

ಆ ಉತ್ತರ ಕೇಳಿ ಸೋಜಿಗವಾಯಿತು. ಕಡ ತಂದ ತೀರ್ಮಾನ ಓದುಗನೊಬ್ಬನ ರೋಗವೆಂದುಕೊಂಡಿದ್ದರೆ, ಅದು ಮೇಜಿನ ಆಚೆಯ ಬದಿಯಲ್ಲಿಯೂ ಇತ್ತು. ಕಂಪನಿಯ ಯಜಮಾನ ಇಲ್ಲದ ಕಡೆಯೂ 'ಜನ' ಎಂಬ ಯಜಮಾನನಿದ್ದಾನೆ. ಸ್ವಂತ ಹಣದಲ್ಲಿ ಅಚ್ಚು ಹಾಕಿಸಿದ ಮಾತ್ರಕ್ಕೆ ಸ್ವಾತಂತ್ರ್ಯ ಬರುವುದಿಲ್ಲ. ಸ್ವಂತ ಕಣ್ಣನ್ನು ನಂಬಿದಾಗ ಬರುತ್ತದೆ. ಪುಸ್ತಕವನ್ನು ಕೊಂಡುಕೊಂಡೆ, ಆ ಮಾತಿಲ್ಲದ ಪುಟಗಳನ್ನು ಇನ್ನೊಮ್ಮೆ ನೋಡಬೇಕೆನಿಸಿದ್ದರಿಂದ. ಪಕ್ಕದ ಮೇಜಿನ ಎರಡು ಪುಸ್ತಕಗಳನ್ನು ನೋಡಿ, ಸಿನಿಮಾದ ಅನುಕರಣೆಯಂತೆ ಕಂಡದ್ದರಿಂದ ನಮಸ್ಕಾರ ಹೇಳಿ ಅಲ್ಲೇ ಇಟ್ಟೆ.

ಹೀಗೆ ಇಟ್ಟು ಬರುವುದೂ ಗೌರವದ ಒಂದು ರೀತಿಯೇ. ಅಪ್ರಸಿದ್ಧವಾದದ್ದೆಲ್ಲ ಒಳ್ಳೆಯದೆಂಬುದು, ಪ್ರಸಿದ್ಧವಾದದ್ದೆಲ್ಲ ಒಳ್ಳೆಯದೆಂಬುದರಷ್ಟೇ ಸೋಮಾರಿಯಾದ ನಂಬಿಕೆ. ಎರಡರಲ್ಲಿಯೂ ಪುಸ್ತಕ ತೆರೆಯುವ ಅಗತ್ಯವಿಲ್ಲ. ಚೆನ್ನಾಗಿಲ್ಲವೆನ್ನುವ ಹಕ್ಕನ್ನು ಉಳಿಸಿಕೊಂಡವನು ಚೆನ್ನಾಗಿದೆಯೆಂದಾಗ ಮಾತ್ರ ಆ ಮಾತಿಗೆ ತೂಕ.

"ಎಲ್ಲವನ್ನೂ ಓದಿ ತೂಗುವುದಕ್ಕೆ ನಮಗೆ ಬಿಡುವೆಲ್ಲಿ? ಅದಕ್ಕಾಗಿಯೇ ವಿಮರ್ಶಕರಿದ್ದಾರಲ್ಲ" ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಮಾತು. ವೈದ್ಯರ ಮಾತನ್ನು ನಂಬಿ ಔಷಧಿ ಕುಡಿಯುತ್ತೇವೆ, ಇಂಜಿನಿಯರನ್ನು ನಂಬಿ ಸೇತುವೆ ದಾಟುತ್ತೇವೆ. ಪ್ರತಿಯೊಂದನ್ನೂ ಸ್ವತಃ ಪರೀಕ್ಷಿಸುವವನು ಮನೆ ಬಿಟ್ಟು ಹೊರಡಲಾರ. ವಿಮರ್ಶಕನೂ ದಾರಿ ತೋರಿಸಬಲ್ಲ. ಆದರೆ ಅವನು ತೋರಿಸುವುದು ಯಾರೋ ಆಗಲೇ ನಡೆದ ದಾರಿಯನ್ನು. ಮೊದಲು ನಡೆದವರಿಗೆ ತೋರಿಸಿದವರು ಯಾರು? ನರ್ಮದಾ ಕಣಿವೆಯ ಅಣೆಕಟ್ಟಿನ ಬಗ್ಗೆ ಓರಿಜಿತ್ ಸೇನ್ ಬರೆದು ಚಿತ್ರಿಸಿದ 'ರಿವರ್ ಆಫ್ ಸ್ಟೋರೀಸ್' 1994ರಲ್ಲಿ ಹೊರಬಂದಾಗ ನಮ್ಮ ದೇಶದಲ್ಲಿ ಅಂಥ ಪುಸ್ತಕಕ್ಕೆ ಮೇಲ್ಪಂಕ್ತಿಯೇ ಇರಲಿಲ್ಲ. ಅದು ಬಹುಕಾಲ ಅಂಗಡಿಗಳಲ್ಲಿ ಸಿಗದೆ ಇದ್ದು, 2022ರಲ್ಲಿ ಮತ್ತೆ ಅಚ್ಚಾಯಿತು. ನಡುವಿನ ಆ 28 ವರ್ಷ ಅದನ್ನು ಮರೆಯದೆ ಇದ್ದವರು ಅಂದು ತಾವಾಗಿಯೇ ಓದಿ ಮೆಚ್ಚಿದ್ದವರು.

ಮೇಲಾಗಿ, ನನ್ನ ಪರವಾಗಿ ಇನ್ನೊಬ್ಬರು ವ್ಯವಹಾರ ನೋಡಿಕೊಳ್ಳಬಹುದು, ಸಾಕ್ಷಿ ಹೇಳಬಹುದು. ನನ್ನ ಪರವಾಗಿ ಊಟ ಮಾಡಲಾರರು. ಮೆಚ್ಚುವುದೂ ಊಟದ ಹಾಗೆಯೇ. ವರ್ಷಕ್ಕೊಂದು ಸಲವಾದರೂ, ಯಾರೂ ಹೆಸರು ಹೇಳದ ಪುಸ್ತಕವನ್ನೋ ಹಾಡನ್ನೋ ಚಿತ್ರವನ್ನೋ ಎದುರಿಗಿಟ್ಟುಕೊಂಡು, ಇದು ಚೆನ್ನಾಗಿದೆಯೇ ಇಲ್ಲವೇ ಎಂದು ನಮ್ಮನ್ನು ನಾವೇ ಕೇಳಿಕೊಂಡರೆ ಒಳ್ಳೆಯದು. ಉತ್ತರ ತಪ್ಪಾಗಬಹುದು. ಆದರೇನಂತೆ, ಆ ತಪ್ಪಾದರೂ ನಮ್ಮ ಸ್ವಂತದ್ದಾಗಿರುತ್ತದೆ.