ಸಾಲಿನ ಉದ್ದ, ವಿದ್ಯೆಯ ಬೆಲೆ

ಒಂದು ವಿದ್ಯೆಯ ಬಾಗಿಲಲ್ಲಿ ನೂಕುನುಗ್ಗಲು ಹೆಚ್ಚೆಂದ ಮಾತ್ರಕ್ಕೆ ಆ ವಿದ್ಯೆ ಮೇಲಾದದ್ದು ಎನ್ನಬಹುದೇ? ಕನ್ನಡ ಪಾಠ ಹೇಳುವವನಿಗೆ ಈ ಪ್ರಶ್ನೆಯಲ್ಲಿ ಕೊಂಚ ಸ್ವಾರ್ಥವುಂಟೆಂದು ವಾಚಕರು ನಕ್ಕರೆ ನಗಲಿ. ನಾನು ಹೇಳಹೊರಟಿರುವುದು ಅಮೆರಿಕದ ಮೂಳೆವೈದ್ಯರ ಮಾತು.

ಅಲ್ಲಿ ವೈದ್ಯ ಪದವಿಯ ಮೇಲೆ ಐದು ವರ್ಷ ಮೂಳೆಯ ಶಸ್ತ್ರಚಿಕಿತ್ಸೆಯನ್ನು ಕಲಿತವರಲ್ಲಿ ಬಹುಮಂದಿ ಅಷ್ಟಕ್ಕೇ ನಿಲ್ಲುವುದಿಲ್ಲ. ಮತ್ತೊಂದು ವರ್ಷ 'ಫೆಲೋಷಿಪ್' ಎಂಬ ವಿಶೇಷ ಶಿಕ್ಷಣಕ್ಕೆ ಹೋಗುತ್ತಾರೆ. ಬೆನ್ನುಮೂಳೆ, ಕೈ, ಕೀಲು ಜೋಡಣೆ, ಆಟಗಾರರ ಗಾಯ, ಅಪಘಾತ, ಮಕ್ಕಳ ಮೂಳೆ, ಮೂಳೆಯ ಗಡ್ಡೆ ಎಂದು ಅದರಲ್ಲಿ ಕವಲುಗಳು. ಅಭ್ಯರ್ಥಿ ತನಗೆ ಬೇಕಾದ ಸಂಸ್ಥೆಗಳನ್ನು ಇಷ್ಟದ ಕ್ರಮದಲ್ಲಿ ಬರೆದುಕೊಡಬೇಕು. ಸಂಸ್ಥೆಗಳೂ ಅಭ್ಯರ್ಥಿಗಳನ್ನು ಹಾಗೆಯೇ ಬರೆದುಕೊಡುತ್ತವೆ. ಹೊಂದಿಸುವುದು ಗಣಕಯಂತ್ರದ ಕೆಲಸ. ಥೇಟು ನಮ್ಮ ಜಾತಕ ಕೂಡಿಸುವಿಕೆ! ಇಂಥ ಹೊಂದಾಣಿಕೆಯ ಗಣಿತವನ್ನು ಗೇಲ್ ಮತ್ತು ಶ್ಯಾಪ್ಲಿ ಎಂಬ ವಿದ್ವಾಂಸರು 1962ರಲ್ಲಿ ಮದುವೆಯ ದೃಷ್ಟಾಂತದಿಂದಲೇ ವಿವರಿಸಿದರೆಂಬುದು ಸ್ವಾರಸ್ಯವಾಗಿದೆ.

ಆಟಗಾರರ ಗಾಯದ ಕವಲಿಗೆ ಹೋಗುವವರು ಬಹಳ. ಆದರೆ ಅಲ್ಲಿ ಸ್ಥಾನಗಳೂ ಬಹಳ, ವರ್ಷಕ್ಕೆ 200ಕ್ಕೂ ಮೇಲು. ಗಡ್ಡೆಯ ಕವಲಿನಲ್ಲಿ ಕೇಳುವವರೂ ಕೆಲವರೇ, ಸ್ಥಾನಗಳೂ ಕೆಲವೇ. ಆದಕಾರಣ ಜನಪ್ರಿಯತೆ ಬೇರೆ, ಪೈಪೋಟಿ ಬೇರೆ. ಪೈಪೋಟಿಯೆಂಬುದು ಕೇಳುವವರ ಸಂಖ್ಯೆಯನ್ನು ಸ್ಥಾನಗಳಿಂದ ಭಾಗಿಸಿದ ಲಬ್ಧ, ಅಷ್ಟೆ. ಆ ಲೆಕ್ಕದಲ್ಲಿ ರೋಗಿಯ ಸುಳಿವೇ ಇಲ್ಲ.

ಹಾಗೆಂದು ತರುಣರನ್ನು ಹಳಿಯಲಾರೆ. ಅಲ್ಲಿ ಸಾಲಮಾಡಿ ವೈದ್ಯನಾದವನ ತಲೆಯ ಮೇಲೆ ಸಾಮಾನ್ಯವಾಗಿ 2 ಲಕ್ಷ ಡಾಲರಿನಷ್ಟು ಹೊರೆ. ಬೆನ್ನುಮೂಳೆಯ ವೈದ್ಯನಿಗಿರುವ ವರಮಾನ ಮಕ್ಕಳ ಮೂಳೆ ನೋಡುವವನಿಗಿಲ್ಲ. ಹೆಂಡತಿಮಕ್ಕಳುಳ್ಳವನು ಇದನ್ನು ಲೆಕ್ಕಕ್ಕೆ ತಂದುಕೊಂಡರೆ ತಪ್ಪೇನು? ನನ್ನ ಆಕ್ಷೇಪಣೆ ಬೇರೆ. ಹಣಕ್ಕಾಗಿ ಆರಿಸಿಕೊಂಡವನಿಗೆ ತಾನು ಏನನ್ನು ಬಯಸಿದೆನೆಂಬುದಾದರೂ ಗೊತ್ತು. ಸಾಲು ಉದ್ದವಿದೆಯೆಂದು ಅಲ್ಲಿ ನಿಂತವನು ಬಯಕೆಯನ್ನೇ ನೆರೆಯವನಿಂದ ಎರವಲು ತಂದವನು. 'ಸಿಕ್ಕುವುದು ಕಷ್ಟ' ಎಂಬುದು ಅವನ ಕಿವಿಗೆ 'ಶ್ರೇಷ್ಠ' ಎಂದು ಕೇಳಿಸುತ್ತದೆ.

ಆರ್ಥೋಪೀಡಿಕ್ಸ್ ಎಂಬ ಹೆಸರಿನ ಮೂಲವನ್ನೇ ನೋಡಿ. ಫ್ರಾನ್ಸಿನ ನಿಕೋಲಾ ಆಂದ್ರಿ 1741ರಲ್ಲಿ ಗ್ರೀಕಿನ 'ನೇರ', 'ಮಗು' ಎಂಬ ಎರಡು ಶಬ್ದಗಳನ್ನು ಕೂಡಿಸಿ ಅದನ್ನು ಕಟ್ಟಿದ. ಅವನ ಗ್ರಂಥದಲ್ಲಿ ಸೊಟ್ಟ ಮರವೊಂದನ್ನು ಗೂಟಕ್ಕೆ ಕಟ್ಟಿರುವ ಚಿತ್ರವಿದೆ; ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ನಮ್ಮ ಗಾದೆ ನೆನಪಾಗುತ್ತದೆ. ಶಾಸ್ತ್ರದ ಹೆಸರಿನಲ್ಲೇ ಕುಳಿತ ಮಗುವಿಗೆ ಇಂದು ಅದರ ಅನೇಕ ಕವಲುಗಳಲ್ಲಿ ಒಂದು ಮಾತ್ರ.

ಸಾವಿರಕ್ಕೊಂದರಂತೆ ಶಿಶುಗಳು ಪಾದ ಒಳಕ್ಕೆ ತಿರುಚಿಕೊಂಡು ಹುಟ್ಟುತ್ತವೆ. ಅಯೋವಾದ ಇಗ್ನಾಸಿಯೋ ಪೊನ್ಸೆಟಿ ವಾರವಾರವೂ ಆ ಪಾದವನ್ನು ಮೆಲ್ಲಗೆ ತಿದ್ದಿ ಪ್ಲಾಸ್ಟರು ಕಟ್ಟುತ್ತಿದ್ದರು. ಹೆಚ್ಚಿನ ಮಕ್ಕಳಿಗೆ ಕೊನೆಯಲ್ಲಿ ಹಿಮ್ಮಡಿಯ ನರಕ್ಕೊಂದು ಸಣ್ಣ ಕೊಯ್ತ, ಆಮೇಲೆ ಕೆಲವು ವರ್ಷ ಮಲಗುವಾಗ ತೊಡುವ ಪಟ್ಟಿಪಾದರಕ್ಷೆ. ಈ ಕ್ರಮವನ್ನು ಅವರು 1963ರಲ್ಲೇ ಪ್ರಕಟಿಸಿದ್ದರೂ ವೈದ್ಯಲೋಕ ದೊಡ್ಡ ಶಸ್ತ್ರಚಿಕಿತ್ಸೆಯನ್ನೇ ನೆಚ್ಚಿಕೊಂಡು ಮೂರು ದಶಕ ಕಳೆಯಿತು. 1990ರ ದಶಕದ ಕೊನೆಯಲ್ಲಿ ಅದು ಹರಡತೊಡಗಿತು. ಇಂದು ನಮ್ಮ ದೇಶದ ಆಸ್ಪತ್ರೆಗಳಲ್ಲಿಯೂ ಅದೇ ರೂಢಿ. ಅದನ್ನು ಹೀಗೆ ಹರಡಿದವರಲ್ಲಿ ಕೂಸನ್ನೆತ್ತಿಕೊಂಡು ಊರೂರು ಅಲೆದ ತಾಯಿತಂದೆಗಳೂ ಇದ್ದರು.