ನಿಯಾಂಡರ್ತಾಲರು ಅಳಿದರೇ?

ಕಳೆದ ತಿಂಗಳು ಪದವಿ ವಿದ್ಯಾರ್ಥಿಗಳ ಮುಂದೆ ಮಾನವ ವಿಕಾಸದ ಬಗ್ಗೆ ಮಾತನಾಡಬೇಕಾಗಿ ಬಂತು. ನಾನು ತತ್ತ್ವಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವವಳು, ಜೀವವಿಜ್ಞಾನಿಯಲ್ಲ. 'ಅಳಿವು' ಎಂಬುದರ ಅರ್ಥದ ಸುತ್ತ ನನ್ನ ಸಂಶೋಧನೆ ಇರುವುದರಿಂದ ಕರೆದಿದ್ದರು. ನಿಯಾಂಡರ್ತಾಲರು ಸುಮಾರು 40 ಸಾವಿರ ವರ್ಷಗಳ ಹಿಂದೆ ಅಳಿದುಹೋದರು ಎಂದೆ. ಆಫ್ರಿಕಾದ ಹೊರಗೆ ಬೇರುಬಿಟ್ಟ ಎಲ್ಲ ಜನರ ಡಿಎನ್‌ಎಯಲ್ಲೂ ಶೇ. 1ರಿಂದ 2ರಷ್ಟು ಅವರಿಂದ ಬಂದದ್ದು ಎಂದೂ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಹಾಗಾದ್ರೆ ಅವರು ಅಳಿದೇ ಇಲ್ಲ ಅಲ್ವಾ ಮೇಡಂ? ನಮ್ಮೊಳಗೇ ಇದ್ದಾರಲ್ಲ."

"ಒಂದು ರೀತಿಯಲ್ಲಿ ಹೌದು" ಎಂದೆ. ಎಲ್ಲರಿಗೂ ಖುಷಿಯಾಯಿತು. ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ಆ ಉತ್ತರ ಚುಚ್ಚತೊಡಗಿತು. ಅದೇ ಮಾತನ್ನು ನಾನು ಬೇರೊಂದು ಕಡೆ ಕೇಳಿದ್ದೆ.

2021ರ ಮೇ ತಿಂಗಳಲ್ಲಿ ನನ್ನ ಸೋದರಮಾವ ಕೋವಿಡ್‌ನಿಂದ ತೀರಿಕೊಂಡರು. ಅವರ ಮಗಳಿಗೆ ಆಗ ಹನ್ನೆರಡು ವರ್ಷ. ತಿಥಿಗೆ ಬಂದಿದ್ದವರು ಏಳೆಂಟು ಜನ, ಒಬ್ಬೊಬ್ಬರೂ ಅವಳ ಮುಖ ನೋಡಿ ಹೇಳಿದ್ದು ಒಂದೇ: "ಅದೇ ಮೂಗು, ಅದೇ ನಗು. ನಿಮ್ಮಪ್ಪ ಎಲ್ಲೂ ಹೋಗಿಲ್ಲ ಕಣಮ್ಮ, ನಿನ್ನಲ್ಲೇ ಇದ್ದಾನೆ." ಸಂಜೆ ಅವಳು ನನ್ನ ಪಕ್ಕ ಬಂದು ಕೂತಳು. "ಅಕ್ಕಾ, ಅಪ್ಪ ನನ್ನಲ್ಲೇ ಇದ್ರೆ ನನ್ನನ್ನ ಯಾಕೆ ಮಾತಾಡಿಸಲ್ಲ?" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿಯಾಂಡರ್ತಾಲರ ವಿಷಯದಲ್ಲಿ ಈ ಬಗೆಯ ಸಮಾಧಾನ ತೀರಾ ಇತ್ತೀಚಿನದು. ಮೊದಲು ಅವರನ್ನು ನಮ್ಮವರೆಂದು ಯಾರೂ ಹೇಳುತ್ತಿರಲಿಲ್ಲ. 1856ರಲ್ಲಿ ಜರ್ಮನಿಯ ಡುಸೆಲ್‌ಡಾರ್ಫ್ ಬಳಿಯ ನಿಯಾಂಡರ್ ಕಣಿವೆಯಲ್ಲಿ ಸುಣ್ಣದಕಲ್ಲು ತೆಗೆಯುತ್ತಿದ್ದ ಕೂಲಿಯಾಳುಗಳಿಗೆ ಕೆಲವು ಮೂಳೆಗಳು ಸಿಕ್ಕವು. ಅವು ಪ್ರಾಚೀನ ಮನುಷ್ಯನವು ಎಂದು ಗುರುತಿಸಿದ್ದು ಯೊಹಾನ್ ಕಾರ್ಲ್ ಫೂಲ್‌ರಾಟ್ ಎಂಬ ಶಾಲಾ ಮೇಷ್ಟ್ರು. ಅಲ್ಲ, ಇದು ನೆಪೋಲಿಯನ್ ಕಾಲದ ಯುದ್ಧದಲ್ಲಿ ಬಂದು ಸತ್ತ ರೋಗಿಷ್ಠ ಕೊಸಾಕ್ ಸವಾರನದು ಎಂದು ವಾದಿಸಿದ ಪಂಡಿತರೂ ಇದ್ದರು. 1864ರಲ್ಲಿ ವಿಲಿಯಂ ಕಿಂಗ್ 'ಹೋಮೋ ನಿಯಾಂಡರ್ತಾಲೆನ್ಸಿಸ್' ಎಂಬ ಹೆಸರನ್ನು ಪ್ರಕಟಿಸಿದ; ಈ ಜೀವಿಗೆ ಪ್ರಾಣಿಗಿಂತ ಮೇಲಿನ ಆಲೋಚನೆ ಇದ್ದಿರಲಾರದು ಎಂಬುದು ಅವನ ಅಭಿಪ್ರಾಯ. 1908ರಲ್ಲಿ ಫ್ರಾನ್ಸಿನ ಲಾ ಶಪೆಲ್-ಒ-ಸೇಂಟ್‌ನಲ್ಲಿ ಹೆಚ್ಚುಕಡಿಮೆ ಇಡೀ ಅಸ್ಥಿಪಂಜರವೇ ಸಿಕ್ಕಿತು. ಮಾರ್ಸೆಲಿನ್ ಬೂಲ್ ಅದನ್ನು ಆಧರಿಸಿ ಮಂಡಿ ಬಾಗಿದ, ಕತ್ತು ಮುಂದೆ ಚಾಚಿದ ಅರೆಮನುಷ್ಯನೊಬ್ಬನನ್ನು ಚಿತ್ರಿಸಿದ. ಆ ಮೂಳೆಗಳು ಸಂಧಿವಾತದಿಂದ ಸವೆದ ವಯಸ್ಸಾದವನೊಬ್ಬನದು. ಆ ಚಿತ್ರ ತಪ್ಪು ಎಂದು 1957ರಲ್ಲಿ ಸಂಶೋಧಕರು ಮತ್ತೆ ಪರೀಕ್ಷಿಸಿ ಹೇಳುವ ಹೊತ್ತಿಗೆ ಅದು ಜನರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತ್ತು.

ಆಮೇಲೆ ಡಿಎನ್‌ಎ ಬಂತು. 2010ರಲ್ಲಿ ಸ್ವಾಂಟೆ ಪಾಬೊ ಅವರ ತಂಡ, ಮುಖ್ಯವಾಗಿ ಕ್ರೊಯೇಷಿಯಾದ ವಿಂದಿಯಾ ಗುಹೆಯ ಮೂಳೆಗಳಿಂದ, ನಿಯಾಂಡರ್ತಾಲರ ಜೀನೋಮಿನ ಕರಡನ್ನು ಪ್ರಕಟಿಸಿತು. ಅವರಿಗೂ ನಮ್ಮ ಪೂರ್ವಿಕರಿಗೂ ಮಕ್ಕಳಾಗಿದ್ದವು ಎಂಬುದು ಅದರಿಂದ ಗೊತ್ತಾಯಿತು. ಈ ಕ್ಷೇತ್ರದ ಕೆಲಸಕ್ಕಾಗಿ 2022ರಲ್ಲಿ ಪಾಬೊ ಅವರಿಗೆ ನೊಬೆಲ್ ಬಂತು. ಕಾಡುಮನುಷ್ಯನೆಂದು ಹಂಗಿಸಿಕೊಂಡವನು ಈಗ ನೆಂಟನಾದ. ಜನ ದುಡ್ಡು ಕೊಟ್ಟು ತಮ್ಮಲ್ಲಿ ಅವನ ಪಾಲೆಷ್ಟು ಎಂದು ಪರೀಕ್ಷೆ ಮಾಡಿಸಿಕೊಂಡರು.

ನನಗೆ ಮೊದಲ ತಕರಾರು ಇರುವುದು ಇಲ್ಲಿ. ನಮ್ಮ ರಕ್ತ ಎಂದು ತಿಳಿದ ಮೇಲೆ ಗೌರವ ಕೊಡುವುದಾದರೆ, ಅದು ಅವರಿಗೆ ಕೊಟ್ಟ ಗೌರವವೇ? ಆಫ್ರಿಕಾದ ಜನರಲ್ಲಿ ಈ ಪಾಲು ತೀರಾ ಕಡಿಮೆ. ಹಾಗೆಂದು ನಿಯಾಂಡರ್ತಾಲರ ಬಗ್ಗೆ ನಮಗಿರಬೇಕಾದ ಮರುಕ ಅವರಿಗೆ ಬೇಡ ಎನ್ನಲಾದೀತೇ? ಇರಾಕಿನ ಕುರ್ದಿಸ್ತಾನದಲ್ಲಿ ಶಾನಿದಾರ್ ಎಂಬ ಗುಹೆಯಿದೆ. ಅಲ್ಲಿ 1950ರ ದಶಕದಲ್ಲಿ ರಾಲ್ಫ್ ಸೊಲೆಕಿ ನಡೆಸಿದ ಉತ್ಖನನದಲ್ಲಿ ಒಬ್ಬ ಗಂಡಸಿನ ಅವಶೇಷ ಸಿಕ್ಕಿತು. ಎಡಗಣ್ಣಿನ ಬಳಿ ಬಿದ್ದಿದ್ದ ಏಟು, ಸೊರಗಿಹೋದ ಬಲಗೈ, ಪೆಟ್ಟಾದ ಕಾಲು. ಇಷ್ಟೆಲ್ಲ ಆದ ಮೇಲೂ ಅವನು ವರ್ಷಗಟ್ಟಲೆ ಬದುಕಿದ್ದ ಎಂದು ವಾಸಿಯಾದ ಗಾಯಗಳೇ ಹೇಳುತ್ತವೆ. ಯಾರಾದರೂ ಅವನ ಜೊತೆ ನಿಂತಿರದಿದ್ದರೆ ಅಷ್ಟು ಕಾಲ ಬದುಕುವುದು ಕಷ್ಟವಿತ್ತು. ಅವನನ್ನು ಮನುಷ್ಯನೆಂದು ಒಪ್ಪಲು ಇಷ್ಟು ಸಾಲದೇ? ಜೀನೋಮಿಗಾಗಿ ಅರ್ಧ ಶತಮಾನ ಏಕೆ ಕಾಯಬೇಕಿತ್ತು?

ಎರಡನೆಯ ತಕರಾರು 'ಒಳಗೆ ಇದ್ದಾರೆ' ಎಂಬ ಮಾತಿನ ಬಗ್ಗೆ. ಏನಿದೆ ನಮ್ಮೊಳಗೆ? 2020ರಲ್ಲಿ ಹ್ಯೂಗೊ ಝೆಬರ್ಗ್ ಮತ್ತು ಪಾಬೊ ತೋರಿಸಿದ ಪ್ರಕಾರ, 3ನೇ ಕ್ರೋಮೋಸೋಮಿನಲ್ಲಿರುವ ನಿಯಾಂಡರ್ತಾಲ್ ಮೂಲದ ಒಂದು ತುಂಡು ಕೋವಿಡ್ ವಿಕೋಪಕ್ಕೆ ಹೋಗುವ ಅಪಾಯವನ್ನು ಹೆಚ್ಚಿಸುತ್ತದೆ. ಯುರೋಪಿನಲ್ಲಿ ಸುಮಾರು ಶೇ. 16ರಷ್ಟು ಜನರಲ್ಲಿರುವ ಈ ತುಂಡು, ನಮ್ಮ ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿದೆ. ಮರುವರ್ಷ ಅವರೇ, 12ನೇ ಕ್ರೋಮೋಸೋಮಿನಲ್ಲಿರುವ ಇನ್ನೊಂದು ನಿಯಾಂಡರ್ತಾಲ್ ತುಂಡು ಆ ಅಪಾಯವನ್ನು ತಗ್ಗಿಸುತ್ತದೆ ಎಂದೂ ತೋರಿಸಿದರು. ನನ್ನ ಮಾವನಲ್ಲಿ ಇವುಗಳಲ್ಲಿ ಯಾವುದಿತ್ತೋ, ಯಾವುದೂ ಇರಲಿಲ್ಲವೋ, ಯಾರೂ ಪರೀಕ್ಷಿಸಲಿಲ್ಲ. ಪರೀಕ್ಷಿಸಿದ್ದರೂ ಅದರಲ್ಲಿ ಕಾಣುತ್ತಿದ್ದದ್ದು ಹಿರಿಯರ ಶಾಪವೂ ಅಲ್ಲ, ಹರಕೆಯೂ ಅಲ್ಲ. ಜೀನಿಗೆ ತಾನು ಯಾರದಾಗಿದ್ದೆ ಎಂಬ ನೆನಪಿಲ್ಲ.

ಇದಕ್ಕೆ ಒಂದು ಒಳ್ಳೆಯ ಆಕ್ಷೇಪವಿದೆ. ನಮ್ಮ ಮುತ್ತಜ್ಜ, ಮುತ್ತಜ್ಜಿಯರೂ ಉಳಿದಿರುವುದು ಚೂರುಚೂರಾಗಿಯೇ ಅಲ್ಲವೇ? ನಿಜ. ಹತ್ತು ಹನ್ನೆರಡು ತಲೆಮಾರು ಹಿಂದಕ್ಕೆ ಹೋದರೆ, ಒಂದು ಚೂರು ಡಿಎನ್‌ಎಯನ್ನೂ ನಮಗೆ ಕೊಡದ ಪೂರ್ವಿಕರು ಬೇಕಾದಷ್ಟು ಸಿಗುತ್ತಾರೆ. ಆದರೂ ಅವರು ಪೂರ್ವಿಕರೇ. ಅವರು ಸತ್ತಾಗ ಅವರ ಮಾತನ್ನು ಆಡುವವರು, ಅವರು ಕಲಿಸಿದ ಕೆಲಸ ಮಾಡುವವರು ಉಳಿದಿದ್ದರು. ನಿಯಾಂಡರ್ತಾಲರ ವಿಷಯದಲ್ಲಿ ಕೊನೆಯಾದದ್ದು ಆ ಸರಣಿಯೇ. ತಾಯಿಯಿಂದ ಮಗುವಿಗೆ ಬರುವ ಅವರ ಮೈಟೋಕಾಂಡ್ರಿಯಾದ ಡಿಎನ್‌ಎ ಇಂದಿನ ಯಾರಲ್ಲೂ ಸಿಕ್ಕಿಲ್ಲ. ತಂದೆಯಿಂದ ಮಗನಿಗೆ ಬರುವ ವೈ ಕ್ರೋಮೋಸೋಮೂ ಅಷ್ಟೇ. ಅವರು ಮಕ್ಕಳನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನು ಯಾವ ಪ್ರಯೋಗಾಲಯವೂ ಹೇಳಲಾರದು.

ಅವರು ಅಳಿದದ್ದು ಕೀಳಾಗಿದ್ದುದರಿಂದ ಎಂದೂ ಹೇಳುವಂತಿಲ್ಲ. ರೊಮೇನಿಯಾದ ಒಯಾಸೆ ಗುಹೆಯಲ್ಲಿ ಸುಮಾರು 40 ಸಾವಿರ ವರ್ಷಗಳ ಹಿಂದಿನ ಒಬ್ಬನ ದವಡೆ ಸಿಕ್ಕಿದೆ. ಅವನು ನಮ್ಮದೇ ಪ್ರಭೇದದವನು. ನಾಲ್ಕರಿಂದ ಆರು ತಲೆಮಾರು ಹಿಂದೆ ಅವನಿಗೊಬ್ಬ ನಿಯಾಂಡರ್ತಾಲ್ ಪೂರ್ವಿಕರಿದ್ದರು. ಅವನ ಜನ ಇಂದಿನ ಯುರೋಪಿನವರಿಗೆ ಗಮನಾರ್ಹವಾದದ್ದೇನನ್ನೂ ಬಿಟ್ಟುಹೋದಂತಿಲ್ಲ. ಅಂದರೆ ಆಗ 'ನಾವು' ಆಗಿದ್ದವರೂ ಅಳಿದರು. ಸಣ್ಣ ಸಣ್ಣ ಗುಂಪುಗಳು, ಹತ್ತಿರದ ಸಂಬಂಧದೊಳಗಿನ ಕೂಡಿಕೆ, ಏರುಪೇರಾಗುವ ಹವಾಮಾನ, ಹೊಸಬರ ಆಗಮನ, ಹೀಗೆ ಹಲವು ಕಾರಣಗಳನ್ನು ಹೇಳುತ್ತಾರೆ. ಉಳಿದವರು ನಾವು ಎಂಬುದರಲ್ಲಿ ಅದೃಷ್ಟದ ಪಾಲೂ ಇದೆ. ಉಳಿದದ್ದೇ ಯೋಗ್ಯತೆಯ ಸರ್ಟಿಫಿಕೇಟ್ ಆಗುವುದಿಲ್ಲ.

ಸತ್ತವರು ನಮ್ಮಲ್ಲಿದ್ದಾರೆ ಎನ್ನುವುದು ಸುಳ್ಳಲ್ಲ. ಆದರೆ ಅದು ನಮ್ಮ ಬಗ್ಗೆ ನಿಜವಾದ ಮಾತು. ಅವರ ಬಗ್ಗೆ ನಿಜವಾದ ಮಾತೆಂದರೆ ಅವರು ಇಲ್ಲ ಎಂಬುದು. ಮೊದಲನೆಯದನ್ನು ಹೇಳಿ ಎರಡನೆಯದನ್ನು ಮುಚ್ಚುವುದು ಸಾಲ ಇಟ್ಟುಕೊಂಡೇ ಲೆಕ್ಕ ಚುಕ್ತಾ ಎಂದಂತೆ. ಇದು ನಿಯಾಂಡರ್ತಾಲರ ಮಟ್ಟಿಗೆ ನಿಲ್ಲುವ ಮಾತೂ ಅಲ್ಲ. ಒಂದು ಬುಡಕಟ್ಟಿನ ಭಾಷೆ ಮುಗಿದಾಗ, ಅದರ ನಾಲ್ಕು ಪದ ನಮ್ಮ ಭಾಷೆಯಲ್ಲಿದೆಯಲ್ಲ ಎಂದು ಸುಮ್ಮನಾಗುವುದೂ ಇದೇ ಅಭ್ಯಾಸ.

ಆ ಕಾಲೇಜಿಗೆ ಮುಂದಿನ ವಾರ ಮತ್ತೆ ಹೋಗುವುದಿದೆ. ಆ ಹುಡುಗಿ ಸಿಕ್ಕರೆ ನನ್ನ ಉತ್ತರ ತಿದ್ದಿಕೊಳ್ಳಬೇಕು: ಅವರು ಅಳಿದರು, ಅವರದ್ದು ಸ್ವಲ್ಪ ನಮ್ಮಲ್ಲಿ ಉಳಿದಿದೆ, ಒಂದು ಇನ್ನೊಂದಕ್ಕೆ ಪರಿಹಾರವಲ್ಲ. ಮಾವನ ಮಗಳಿಗೂ ಅಂದು ಇದನ್ನೇ ಹೇಳಬೇಕಿತ್ತು. ಅವಳಿಗೆ ಬೇಕಿದ್ದದ್ದು ಅಪ್ಪ ಇಲ್ಲ ಎಂದು ಒಪ್ಪಿಕೊಂಡು ಪಕ್ಕದಲ್ಲಿ ಕೂರುವ ಒಬ್ಬರು.