ಕೃಪೆಯಲ್ಲ, ಹಕ್ಕು



ಅನ್ನ ವಸ್ತ್ರಗಳಂತೆಯೇ ನೆಲೆಯೂ ಮನುಷ್ಯನಿಗೆ ಅವಶ್ಯವೆಂದು ನಾವು ಪೀಠದಿಂದ ಅನೇಕ ಬಾರಿ ಹೇಳಿದ್ದೇವೆ. ಆದರೆ ಆ ಮಾತಿನ ಅರ್ಥವನ್ನು ನಮಗೆ ಕಲಿಸಿದವನು ಶ್ರೀಮಠದ ವಿದ್ಯಾರ್ಥಿನಿಲಯದಲ್ಲಿಯೇ ಓದಿ ಬೆಳೆದ ಒಬ್ಬ ತರುಣ.

ಬೆಂಗಳೂರಿನ ಬಿಟಿಎಂ ಲೇಔಟಿನಲ್ಲಿ ಆತನು ಬಾಡಿಗೆ ಮನೆಯನ್ನು ಅರಸುತ್ತಿದ್ದನು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಕೂಡಿ ಹೆಸರಾದ ಬಡಾವಣೆಯದು. ನಾಡಿನ ಮೂಲೆಮೂಲೆಗಳಿಂದ ಬಂದವರು ಅಲ್ಲಿ ನೆಲೆಸಿದ್ದಾರೆ. ಮನೆ ಒಪ್ಪಿಗೆಯಾಗಿ ಮುಂಗಡದ ಮಾತೂ ಮುಗಿದ ಮೇಲೆ ಮನೆಯೊಡೆಯರು, "ತಾವು ಯಾವ ಪೈಕಿ?" ಎಂದು ಮೃದುವಾಗಿ ಕೇಳಿದರು. ಆತನು ಮುಚ್ಚಿಡಲಿಲ್ಲ. ಮರುದಿನ, "ನಮ್ಮ ಬಂಧುಗಳೇ ಬರುತ್ತಿದ್ದಾರೆ" ಎಂಬ ಉತ್ತರ ಬಂದಿತು. ತಿಂಗಳು ಕಳೆದರೂ ಬಾಡಿಗೆಯ ಫಲಕ ಮಾತ್ರ ಬಾಗಿಲಿನಿಂದ ಇಳಿಯಲಿಲ್ಲ.

ಆತನು ದೂರು ಕೊಡಲು ಹೊರಟನು. ಆ ಮನೆಯೊಡೆಯರೂ ಮಠಕ್ಕೆ ನಡೆದುಕೊಳ್ಳುವವರೇ. ಆದುದರಿಂದ ನಾವು, "ವಿರಸವೇಕೆ ಮಗು? ಬೇರೊಬ್ಬ ಭಕ್ತರಿಗೆ ಪತ್ರ ಕೊಡುತ್ತೇವೆ" ಎಂದೆವು. ಮನೆ ದೊರೆಯಿತು. ಅದನ್ನು ಹೊಕ್ಕ ದಿನ ಆತನು ಕೇಳಿದನು: "ಬುದ್ಧೀ, ತಮ್ಮ ಪತ್ರವಿಲ್ಲದವನು ಏನು ಮಾಡಬೇಕು?"

ನಾವು ನಿರುತ್ತರರಾದೆವು. ಹಕ್ಕಾಗಿ ಸಲ್ಲಬೇಕಾದುದನ್ನು ನಾವು ಕೃಪೆಯಾಗಿ ಕೊಡಿಸಿದ್ದೆವು.

ಉತ್ತರವು ಶಾಸನದಲ್ಲಿತ್ತು. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮದ 4ನೆಯ ಪ್ರಕರಣವು, ಅಸ್ಪೃಶ್ಯತೆಯ ಕಾರಣದಿಂದ ವಾಸದ ಮನೆಗೆ ಅಡ್ಡಿಯೊಡ್ಡುವುದನ್ನೂ ಅಪರಾಧವೆಂದು ಎಣಿಸುತ್ತದೆ. 12ನೆಯ ಪ್ರಕರಣವು ಇನ್ನೂ ಆಳವಾದುದು. ನೊಂದವನು ಪರಿಶಿಷ್ಟ ಜಾತಿಯವನಾಗಿದ್ದರೆ, ಅಂಥ ಕೃತ್ಯವು ಅಸ್ಪೃಶ್ಯತೆಯ ಕಾರಣದಿಂದಲೇ ನಡೆದುದೆಂದು ನ್ಯಾಯಾಲಯವು ಭಾವಿಸಬೇಕು. ಹಾಗಲ್ಲವೆಂದು ತೋರಿಸುವ ಹೊಣೆ ಆರೋಪಿಯದು.

ಶಾಸನವು ತಾನಾಗಿ ನಡೆಯಲಾರದು. ಅದನ್ನು ನಡೆಸುವ ಸಂಸ್ಥೆಗಳು ಬೇಕು. ನಮ್ಮ ರಾಜ್ಯದಲ್ಲಿ ಪೊಲೀಸ್ ಇಲಾಖೆಯ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯವಿದೆ. 2002ರ ಅಧಿನಿಯಮದಿಂದ ರೂಪುಗೊಂಡ ರಾಜ್ಯ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಆಯೋಗವಿದೆ. ಸಂವಿಧಾನದ 338ನೆಯ ವಿಧಿಯು ರಾಷ್ಟ್ರೀಯ ಆಯೋಗಕ್ಕೆ, ವಿಚಾರಣೆಯ ಕಾಲದಲ್ಲಿ ಸಿವಿಲ್ ನ್ಯಾಯಾಲಯದಂತೆ ವ್ಯಕ್ತಿಗಳನ್ನು ಕರೆಸುವ, ದಾಖಲೆಗಳನ್ನು ತರಿಸುವ ಅಧಿಕಾರವನ್ನು ಕೊಟ್ಟಿದೆ. ಆಯೋಗವು ಶಿಕ್ಷೆ ವಿಧಿಸದು, ಶಿಫಾರಸು ಮಾಡುತ್ತದೆ. ಅದರಿಂದೇನು ಫಲ ಎನ್ನುವವರುಂಟು. ಮೃದುಮಾತಿನ ಮರೆಯಲ್ಲಿರುವ ಕಾರಣವನ್ನು ನೊಂದವನು ಒಬ್ಬಂಟಿಯಾಗಿ ಹೊರಗೆಳೆಯಲಾರನು. "ಕಾರಣವೇನು?" ಎಂದು ಸಾರ್ವಜನಿಕ ಸಂಸ್ಥೆಯೇ ಕೇಳಿದಾಗ, ಅವನ ಖಾಸಗಿ ದುಃಖವು ಸಮಾಜವು ಉತ್ತರಿಸಬೇಕಾದ ಪ್ರಶ್ನೆಯಾಗುತ್ತದೆ. ಇದು ಸಣ್ಣ ಫಲವಲ್ಲ.

ಕೊರತೆಯೂ ಉಂಟು. ಧರ್ಮದ ಕಾರಣದಿಂದ ಮನೆ ದೊರೆಯದವನಿಗೆ ಈ ಅಧಿನಿಯಮವು ಆಸರೆಯಾಗದು. ಸಂವಿಧಾನದ 15ನೆಯ ವಿಧಿಯು ಅಂಗಡಿ, ಹೋಟೆಲು, ಬಾವಿ, ಕೆರೆಗಳನ್ನು ಹೆಸರಿಸಿದೆ. ಬಾಡಿಗೆ ಮನೆಯನ್ನು ಹೆಸರಿಸಿಲ್ಲ. ಬ್ರಿಟನ್ನಿನವರು ಜನಾಂಗಭೇದದ ವಿರುದ್ಧ 1965ರಲ್ಲಿ ಮಾಡಿದ ಶಾಸನದಲ್ಲಿಯೂ ವಸತಿ ಸೇರಿರಲಿಲ್ಲ. 1968ರಲ್ಲಿ ಅದನ್ನು ಸೇರಿಸಿದರು. ನಾವೂ ಆ ದಿಕ್ಕಿನಲ್ಲಿ ಯೋಚಿಸಬೇಕಾಗಿದೆ.

"ನಮ್ಮ ಮನೆಯ ಆಚಾರ ನಮ್ಮದಲ್ಲವೇ?" ಎಂದು ತಾವು ಕೇಳಬಹುದು. ಅಹುದು. ಆಹಾರದ ನಿಯಮವನ್ನು ಬಂದವರೆಲ್ಲರಿಗೂ ಮೊದಲೇ ಒಂದೇ ಸಮನಾಗಿ ಹೇಳಿದರೆ ಅದು ಆಚಾರ. ಜಾತಿ ತಿಳಿದ ಮೇಲೆ ಮಾತ್ರ ಅದು ನೆನಪಾದರೆ, ಆಚಾರದ ಹೆಸರಿನ ನೆಪ.

ಹರಳಯ್ಯ ಮಧುವರಸರು ಬೀಗರಾದ ಕಲ್ಯಾಣದ ಪರಂಪರೆ ನಮ್ಮದು. ಅದನ್ನು ಹೊಗಳುವ ಬಾಯಿಂದಲೇ ಬಾಡಿಗೆದಾರನ ಜಾತಿಯನ್ನು ಕೇಳುವುದು ಹೇಗೆ? ಆ 12ನೆಯ ಪ್ರಕರಣವನ್ನು ನಮಗೆ ನಾವೇ ಅನ್ವಯಿಸಿಕೊಳ್ಳೋಣ. ಯಾರಿಗಾದರೂ 'ಇಲ್ಲ' ಎಂದಾಗ, ಅದು ಭೇದಬುದ್ಧಿಯಿಂದಲ್ಲವೆಂದು ನಮ್ಮ ಅಂತಃಸಾಕ್ಷಿಯ ಮುಂದೆ ನಾವೇ ರುಜುಪಡಿಸೋಣ.

ಇನ್ನು ಅಂಥ ತರುಣನು ಮಠಕ್ಕೆ ಬಂದರೆ ಶಿಫಾರಸಿನ ಪತ್ರವನ್ನಷ್ಟೇ ಕೊಟ್ಟು ಕಳುಹಿಸುವುದಿಲ್ಲ. ದೂರನ್ನು ಬರೆಯಲು ನಾವೇ ಅವನೊಡನೆ ಕುಳಿತುಕೊಳ್ಳುತ್ತೇವೆ.